ತೆರವಾದ ಜಾಗಕ್ಕೆ ಬಂದವರು

ಅದು 1920ರ ಆಗಸ್ಟ್ 16, ಸೋಮವಾರ. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಮೈದಾನದ ಮೇಲೆ ಮೋಡ ಕವಿದಿತ್ತು. ಆತಿಥೇಯ ಯಾಂಕೀಸ್ ತಂಡಕ್ಕೂ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡಕ್ಕೂ ಬೇಸ್‌ಬಾಲ್ ಪಂದ್ಯ. ಐದನೇ ಇನಿಂಗ್ಸಿನ ಮೊದಲ ದಾಂಡಿಗನಾಗಿ ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ಬಂದು ನಿಂತ. ಎದುರಿಗೆ ಎಸೆಯಲು ನಿಂತಿದ್ದವನು ಕಾರ್ಲ್ ಮೇಸ್. ನೆಲ ಸವರುವಷ್ಟು ಕೈ ಕೆಳಗಿಳಿಸಿ ಎಸೆಯುವುದು ಅವನ ಪದ್ಧತಿ. ಚೆಂಡು ಎಲ್ಲಿಂದ ಹೊರಟಿತೆಂದು ಗುರುತಿಸುವುದೇ ದಾಂಡಿಗರಿಗೆ ಕಷ್ಟ. ಅದರ ಮೇಲೆ, ಆ ಕಾಲದಲ್ಲಿ ಒಂದೇ ಚೆಂಡನ್ನು ಸಾಧ್ಯವಾದಷ್ಟು ಹೊತ್ತು ಬಳಸುತ್ತಿದ್ದರು. ಮಣ್ಣು, ಹುಲ್ಲು, ತಂಬಾಕಿನ ಉಗುಳು ಮೆತ್ತಿಕೊಂಡು ಬಿಳಿಯ ಚೆಂಡು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು.

ಮೇಸ್ ಎಸೆದ. ಚಾಪ್‌ಮನ್ ಅಲುಗಲಿಲ್ಲ. ಮೈದಾನಕ್ಕೆಲ್ಲ ಕೇಳುವಂಥ ಶಬ್ದವೊಂದು ಹೊರಟಿತು. ಚೆಂಡು ಪುಟಿದು ಮೇಸ್‌ನತ್ತಲೇ ಉರುಳಿ ಬಂತು. ದಾಂಡಿಗೆ ತಾಗಿ ಬಂದ ಚೆಂಡೆಂದೇ ತಿಳಿದ ಮೇಸ್ ಅದನ್ನೆತ್ತಿ ಮೊದಲ ಬೇಸಿನಲ್ಲಿದ್ದ ತನ್ನ ಜೊತೆಗಾರ ವಾಲಿ ಪಿಪ್‌ಗೆ ಎಸೆದ. ಆದರೆ ಚೆಂಡು ತಾಗಿದ್ದು ದಾಂಡಿಗಲ್ಲ, ಚಾಪ್‌ಮನ್‌ನ ತಲೆಯ ಎಡಭಾಗಕ್ಕೆ. ಆ ತಲೆಯ ಮೇಲಿದ್ದದ್ದು ಬಟ್ಟೆಯ ಟೋಪಿ ಮಾತ್ರ.

ಅಂಪೈರ್ ವೈದ್ಯರನ್ನು ಕೂಗಿ ಕರೆದ. ಸ್ವಲ್ಪ ಹೊತ್ತಿನಲ್ಲಿ ಚಾಪ್‌ಮನ್ ಎದ್ದು ನಿಂತ, ಜೊತೆಯವರ ಆಸರೆಯಲ್ಲಿ ಒಂದಷ್ಟು ದೂರ ನಡೆದ, ಎರಡನೇ ಬೇಸಿನ ಬಳಿ ಮತ್ತೆ ಕುಸಿದ. ಅವನನ್ನು ಆಸ್ಪತ್ರೆಗೆ ಒಯ್ದರು. ಪಂದ್ಯ ನಿಲ್ಲಲಿಲ್ಲ. ಹ್ಯಾರಿ ಲುಂಟಿ ಎಂಬ ಬದಲಿ ಆಟಗಾರ ಚಾಪ್‌ಮನ್‌ನ ಜಾಗಕ್ಕೆ ಬಂದ. ಕ್ಲೀವ್‌ಲ್ಯಾಂಡ್ 4–3ರಿಂದ ಗೆದ್ದಿತು.

ಅಂದು ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ಮರುದಿನ ಬೆಳಗಿನ ಜಾವ 4 ಗಂಟೆ 40 ನಿಮಿಷಕ್ಕೆ ಚಾಪ್‌ಮನ್ ತೀರಿಕೊಂಡ. ವಯಸ್ಸು 29. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗರ್ಭಿಣಿ ಹೆಂಡತಿ ಕ್ಯಾಥಲೀನ್ ಸುದ್ದಿ ತಿಳಿದು ರೈಲು ಹತ್ತಿ ನ್ಯೂಯಾರ್ಕಿಗೆ ಬಂದಿಳಿದಾಗ ಎಲ್ಲ ಮುಗಿದಿತ್ತು. ಮೇಜರ್ ಲೀಗ್ ಬೇಸ್‌ಬಾಲಿನ ದೀರ್ಘ ಇತಿಹಾಸದಲ್ಲಿ ಎಸೆದ ಚೆಂಡು ತಗುಲಿ ಪ್ರಾಣ ಬಿಟ್ಟವನು ಇಂದಿಗೂ ಇವನೊಬ್ಬನೇ.

ಆಗಸ್ಟ್ 17ರ ಪಂದ್ಯವನ್ನು ಮುಂದೂಡಿದರು. ಆದರೆ ಋತುವನ್ನು ಮುಂದೂಡುವಂತಿರಲಿಲ್ಲ. ಅಮೆರಿಕನ್ ಲೀಗಿನ ಅಗ್ರಸ್ಥಾನಕ್ಕೆ ಕ್ಲೀವ್‌ಲ್ಯಾಂಡ್, ಷಿಕಾಗೊ, ಯಾಂಕೀಸ್ ಮೂರೂ ತಂಡಗಳು ಮೂಗಿಗೆ ಮೂಗು ತಾಗಿಸಿಕೊಂಡು ಓಡುತ್ತಿದ್ದವು. ಕ್ಲೀವ್‌ಲ್ಯಾಂಡಿಗೆ ಇನ್ನೂ ನಲವತ್ತಕ್ಕೂ ಹೆಚ್ಚು ಪಂದ್ಯಗಳು ಬಾಕಿ ಇದ್ದವು. ಸತ್ತವನ ಜಾಗದಲ್ಲಿ ಯಾರಾದರೊಬ್ಬರು ನಿಲ್ಲಲೇಬೇಕಿತ್ತು.

ಜಾಗ ಎಂದರೆ ಎಂಥದು

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಕ್ರಿಕೆಟಿನಲ್ಲಿ ಗಾಯಗೊಂಡವನ ಪರವಾಗಿ ಬಂದವನು ಬಹುಕಾಲ ಕ್ಷೇತ್ರರಕ್ಷಣೆ ಮಾಡಬಹುದಿತ್ತೇ ಹೊರತು ದಾಂಡು ಹಿಡಿಯುವಂತಿರಲಿಲ್ಲ, ಬೌಲ್ ಮಾಡುವಂತಿರಲಿಲ್ಲ. 2002ರಲ್ಲಿ ಆಂಟಿಗುವಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬಟ್ಟೆ ಸುತ್ತಿಕೊಂಡು ಬೌಲಿಂಗಿಗೆ ಇಳಿದು ಬ್ರಯಾನ್ ಲಾರಾನನ್ನು ಔಟ್ ಮಾಡಿದ್ದು ಯಾರಿಗೆ ನೆನಪಿಲ್ಲ? ಅದು ಕೆಚ್ಚಿನ ಮಾತು ನಿಜ. ಆದರೆ ಅವನ ಬದಲು ಇನ್ನೊಬ್ಬ ಬೌಲ್ ಮಾಡಲು ನಿಯಮ ಬಿಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ತಲೆಗೆ ಪೆಟ್ಟು ಬಿದ್ದವನಿಗೆ ಪೂರ್ಣ ಬದಲಿ ಆಟಗಾರನನ್ನು ಟೆಸ್ಟ್ ಕ್ರಿಕೆಟ್ ಒಪ್ಪಿದ್ದು 2019ರಲ್ಲಿ.

ಬೇಸ್‌ಬಾಲಿನ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಬದಲಿಯಾಗಿ ಬಂದವನು ಎಲ್ಲವನ್ನೂ ಮಾಡಬಹುದು. ಹೋದವನ ಸರದಿಯಲ್ಲಿ ದಾಂಡು ಹಿಡಿಯುತ್ತಾನೆ, ಹೋದವನ ಜಾಗದಲ್ಲಿ ನಿಂತು ಚೆಂಡು ತಡೆಯುತ್ತಾನೆ. ಆದರೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಅಂದರೆ ಅಲ್ಲಿ ಜಾಗ ಖಾಲಿ ಉಳಿಯುವುದೇ ಇಲ್ಲ. ಪಂದ್ಯವೂ ದಿನಬಿಟ್ಟು ದಿನವಲ್ಲ, ಹೆಚ್ಚುಕಡಿಮೆ ಪ್ರತಿದಿನ. ಆಗ ಒಂದು ಋತುವಿಗೆ 154 ಪಂದ್ಯಗಳು, ಈಗ 162. ಏಪ್ರಿಲಿನಿಂದ ಅಕ್ಟೋಬರಿನವರೆಗೆ, ರೈಲಿನಲ್ಲಿ ಊರಿಂದೂರಿಗೆ ಅಲೆಯುತ್ತ ಆಡುವ ಒಂಬತ್ತು ಮಂದಿಯಲ್ಲಿ ಯಾರೊಬ್ಬರ ಕಾಲೂ ಉಳುಕದೆ, ಬೆರಳೂ ಮುರಿಯದೆ ಋತು ಮುಗಿಯುವುದು ಅಸಾಧ್ಯ.

ಹೀಗಿದ್ದರೂ ಆಟಗಾರರು ಗಾಯ ಮುಚ್ಚಿಟ್ಟು ಆಡುತ್ತಿದ್ದರು. ಕಾರಣ ಸರಳ. ಹತ್ತು ದಿನದ ನೋಟಿಸು ಕೊಟ್ಟು ಕರಾರು ಮುಗಿಸುವ ಅಧಿಕಾರ ಆಗಿನ ಮಾಲೀಕರಿಗಿತ್ತು. ಬೆಂಚಿನ ಮೇಲೆ ಕುಳಿತವನು ತನ್ನ ಜಾಗದಲ್ಲಿ ಇನ್ನೊಬ್ಬ ಚೆನ್ನಾಗಿ ಆಡುವುದನ್ನು ನೋಡುತ್ತ ಕೂರಬೇಕಿತ್ತು. ಅದರ ಸಂಕಟ ನಮ್ಮ ಗಿರಣಿ ಬದಲಿ ಕಾರ್ಮಿಕರನ್ನು ಬಲ್ಲವರಿಗೆ ಅರ್ಥವಾದೀತು.

ಚಾಪ್‌ಮನ್ ನಿಲ್ಲುತ್ತಿದ್ದದ್ದು ಶಾರ್ಟ್‌ಸ್ಟಾಪ್ ಎಂಬ ಜಾಗದಲ್ಲಿ, ಎಂದರೆ ಎರಡನೇ ಮತ್ತು ಮೂರನೇ ಬೇಸುಗಳ ನಡುವೆ. ಬಲಗೈ ದಾಂಡಿಗರು ಹೊಡೆದ ಚೆಂಡುಗಳಲ್ಲಿ ದೊಡ್ಡ ಪಾಲು ಅತ್ತಲೇ ಬರುವುದರಿಂದ ಅದು ಒಳಮೈದಾನದ ಅತ್ಯಂತ ಕಷ್ಟದ ಕಾವಲು. ಆ ವರ್ಷ ಅವನ ದಾಂಡಿನ ಸರಾಸರಿ .303. ಅಂದರೆ ಹತ್ತು ಅವಕಾಶಗಳಲ್ಲಿ ಮೂರಕ್ಕೆ ಸ್ವಲ್ಪ ಮೇಲೆ ಯಶಸ್ಸು. ಬೇಸ್‌ಬಾಲಿನಲ್ಲಿ ಇದು ಒಳ್ಳೆಯ ಆಟಗಾರನ ಗುರುತು. ಆಡಿದ 111 ಪಂದ್ಯಗಳಲ್ಲಿ 97 ಓಟ ಗಳಿಸಿದ್ದ. ಆದರೆ ಅವನ ಹೆಸರಿನಲ್ಲಿರುವ ನಿಜವಾದ ದಾಖಲೆ ಬೇರೆಯದು. 1917ರ ಋತುವಿನಲ್ಲಿ ಆತ 67 ಬಾರಿ ಸ್ಯಾಕ್ರಿಫೈಸ್ ಹೊಡೆತ ಹೊಡೆದ. ತಾನು ಔಟಾಗುವುದು ಖಚಿತವೆಂದು ತಿಳಿದೂ ಚೆಂಡನ್ನು ಮೆಲ್ಲಗೆ ತಟ್ಟಿ ಮುಂದಿದ್ದ ಜೊತೆಗಾರನನ್ನು ಒಂದು ಬೇಸು ಮುಂದಕ್ಕೆ ದಾಟಿಸುವ ಹೊಡೆತ ಅದು. ನೂರು ವರ್ಷ ಕಳೆದರೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ.

ಲುಂಟಿಯ ಕಾಲು

ತಂಡದ ನಾಯಕ ಹಾಗೂ ತರಬೇತುದಾರ ಟ್ರಿಸ್ ಸ್ಪೀಕರ್ ಸ್ವತಃ ಮೈದಾನದ ನಡುಭಾಗದಲ್ಲಿ ಆಡುತ್ತಿದ್ದ. ಚಾಪ್‌ಮನ್‌ನ ಆಪ್ತ ಗೆಳೆಯ. ಹತ್ತು ತಿಂಗಳ ಹಿಂದೆ ಅವನ ಮದುವೆಯಲ್ಲಿ ವರನ ಪಕ್ಕದಲ್ಲಿ ನಿಂತಿದ್ದವನು. ಆಗಸ್ಟ್ 20ರಂದು ಕ್ಲೀವ್‌ಲ್ಯಾಂಡಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮತ್ತೆ ಮೈದಾನಕ್ಕಿಳಿದರು. ಇಳಿದದ್ದೇ ಸೋಲತೊಡಗಿದರು. ಅಗ್ರಸ್ಥಾನ ಕೈತಪ್ಪಿತು.

ಲುಂಟಿಯನ್ನು ದೂರುವಂತಿಲ್ಲ. ಅವನು ಕೈಚಳಕದ ಕ್ಷೇತ್ರರಕ್ಷಕ. ಬಂದ ಚೆಂಡನ್ನು ಬಿಡುತ್ತಿರಲಿಲ್ಲ. ಆದರೆ ದಾಂಡು ಹಿಡಿದರೆ ಕೆಲಸವಾಗುತ್ತಿರಲಿಲ್ಲ. ಆ ವರ್ಷ ಅವನ ಸರಾಸರಿ .197, ಹತ್ತರಲ್ಲಿ ಎರಡಕ್ಕಿಂತ ಕಡಿಮೆ. ಬದಲಿ ಆಟಗಾರರ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಮರೆಯುವುದು ಇಂಥವರನ್ನೇ. ತಂಡವೊಂದು ಇಂಥ ಮನುಷ್ಯನನ್ನು ಇಟ್ಟುಕೊಂಡಿರುವುದು ಒಂದೆರಡು ದಿನ ಯಾರಿಗಾದರೂ ಜ್ವರ ಬಂದರೆ ನಿಲ್ಲಿಸಲು. ಏಳು ವಾರ ಭಾರ ಹೊರಲು ಅಲ್ಲ. ಅವನ ಮೇಲೆ ಬಿದ್ದದ್ದಾದರೋ ಏಳು ವಾರದ ಭಾರ, ಜೊತೆಗೆ ಸತ್ತವನ ನೆನಪಿನ ಭಾರ.

ಮೂರು ವಾರ ಅವನು ಹೊತ್ತ. ಸೆಪ್ಟೆಂಬರ್ 6ರಂದು, ಅಮೆರಿಕನ್ನರ ಕಾರ್ಮಿಕ ದಿನದ ರಜೆಯ ಪಂದ್ಯದಲ್ಲಿ, ಲುಂಟಿಯ ಕಾಲಿನ ಸ್ನಾಯು ಸೆಳೆದುಕೊಂಡಿತು. ಈಗ ಕ್ಲೀವ್‌ಲ್ಯಾಂಡಿನ ಬಳಿ ಶಾರ್ಟ್‌ಸ್ಟಾಪೇ ಇಲ್ಲ.

ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದ ಕಿರಿಯ ಲೀಗ್ ತಂಡದಲ್ಲಿ ಜೋ ಸ್ಯೂಯೆಲ್ ಎಂಬ 21 ವರ್ಷದ ಹುಡುಗನೊಬ್ಬ ಆಡುತ್ತಿದ್ದ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದಿದವನು, ಕುಳ್ಳ, ವೃತ್ತಿಪರ ಆಟಕ್ಕೆ ಬಂದು ಒಂದೇ ಋತು. ಬೇರೆ ದಾರಿಯಿಲ್ಲದೆ ಅವನನ್ನು ಕರೆಸಿದರು. ಸೆಪ್ಟೆಂಬರ್ 10ರಂದು ಅವನು ಮೊದಲ ಪಂದ್ಯವಾಡಿದ. ಎದುರಾಳಿ ಅದೇ ಯಾಂಕೀಸ್. ಜೊತೆಗಾರ ಜಾರ್ಜ್ ಬರ್ನ್ಸ್ ಅವನಿಗೊಂದು ಭಾರವಾದ ಕಪ್ಪು ದಾಂಡು ಕೊಟ್ಟ. ಮುಂದೆ 14 ವರ್ಷ ಮೇಜರ್ ಲೀಗಿನಲ್ಲಿ ಆಡುವಷ್ಟು ಕಾಲವೂ ಸ್ಯೂಯೆಲ್ ಅದೊಂದೇ ದಾಂಡನ್ನು ಬಳಸಿದನೆಂದು ಹೇಳುತ್ತಾರೆ. ಉಳಿದ 22 ಪಂದ್ಯಗಳಲ್ಲಿ ಅವನ ಸರಾಸರಿ .329. ಚಾಪ್‌ಮನ್‌ಗಿಂತಲೂ ಮೇಲು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ವಾಲ್ಟರ್ ಮೇಲ್ಸ್ ಎಂಬ ಎಡಗೈ ಎಸೆತಗಾರನೂ ಬಂದ. ಕೊನೆಯ ಒಂದು ತಿಂಗಳಲ್ಲಿ ಏಳು ಪಂದ್ಯ ಗೆದ್ದ, ಒಂದನ್ನೂ ಸೋಲಲಿಲ್ಲ. ಹಳಬರೂ ಸುಮ್ಮನಿರಲಿಲ್ಲ. ಜಿಮ್ ಬ್ಯಾಗ್ಬಿ ಆ ಋತುವಿನಲ್ಲಿ 31 ಪಂದ್ಯ ಗೆದ್ದುಕೊಟ್ಟ. ಮೇ ತಿಂಗಳಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಸ್ಟಾನ್ ಕೊವೆಲೆಸ್ಕಿ ಎಸೆಯುತ್ತಲೇ ಹೋದ. ಸ್ಪೀಕರ್‌ನ ಸರಾಸರಿ .388.

ಇಷ್ಟರಲ್ಲಿ ಇನ್ನೊಂದು ತಂಡದಲ್ಲೂ ಜಾಗಗಳು ತೆರವಾದವು, ಬೇರೆ ಕಾರಣಕ್ಕೆ. 1919ರ ವರ್ಲ್ಡ್ ಸೀರೀಸನ್ನು ಜೂಜುಕೋರರ ಹಣಕ್ಕಾಗಿ ಸೋತ ಆರೋಪದ ಮೇಲೆ ಷಿಕಾಗೊ ವೈಟ್ ಸಾಕ್ಸ್ ತಂಡದ ಮಾಲೀಕ 1920ರ ಸೆಪ್ಟೆಂಬರ್ 28ರಂದು ತನ್ನ ಏಳು ಆಟಗಾರರನ್ನು ಅಮಾನತಿನಲ್ಲಿಟ್ಟ. ಆಗ ಉಳಿದದ್ದು ಮೂರೇ ಪಂದ್ಯ. ಬೆಂಚಿನಲ್ಲಿದ್ದವರನ್ನೆಲ್ಲ ಕಟ್ಟಿಕೊಂಡು ಆಡಿದ ಷಿಕಾಗೊ ಅವುಗಳಲ್ಲಿ ಎರಡನ್ನು ಸೋತಿತು.

ಕೊನೆಯ ಲೆಕ್ಕ ಹೀಗಿತ್ತು: ಕ್ಲೀವ್‌ಲ್ಯಾಂಡ್ 98 ಗೆಲುವು, ಷಿಕಾಗೊ 96, ಯಾಂಕೀಸ್ 95. ಕ್ಲೀವ್‌ಲ್ಯಾಂಡಿನ ಪಾಲಿಗೆ ಇದು ಮೊಟ್ಟಮೊದಲ ಲೀಗ್ ಪ್ರಶಸ್ತಿ.

ವರ್ಲ್ಡ್ ಸೀರೀಸಿನಲ್ಲಿ ಎದುರಾದದ್ದು ನ್ಯಾಷನಲ್ ಲೀಗಿನ ಬ್ರೂಕ್ಲಿನ್. ಇಲ್ಲೊಂದು ತೊಡಕಿತ್ತು. ಸೆಪ್ಟೆಂಬರ್ ಬಂದ ಮೇಲೆ ಸೇರಿದ ಆಟಗಾರ ವರ್ಲ್ಡ್ ಸೀರೀಸ್ ಆಡುವಂತಿಲ್ಲ ಎಂಬುದು ನಿಯಮ. ಸ್ಯೂಯೆಲ್ ಬಂದದ್ದು ಸೆಪ್ಟೆಂಬರಿನಲ್ಲೇ. ನಿಯಮ ಹಿಡಿದು ಕೂತಿದ್ದರೆ ಬ್ರೂಕ್ಲಿನ್‌ಗೆ ಲಾಭವಿತ್ತು. ಅದರ ಮಾಲೀಕ ಚಾರ್ಲ್ಸ್ ಎಬೆಟ್ಸ್ ಹಾಗೆ ಮಾಡಲಿಲ್ಲ, ಹುಡುಗ ಆಡಲಿ ಎಂದ. ಕ್ರೀಡಾ ಮನೋಭಾವದ ಮಾತನ್ನು ನಾವು ಬಾಯಿತುಂಬ ಆಡುತ್ತೇವೆ. ಅದಕ್ಕೆ ಉದಾಹರಣೆ ಬೇಕಾದಾಗ ಎಬೆಟ್ಸ್‌ನನ್ನೂ ಒಮ್ಮೆ ನೆನೆಯಬಹುದು.

ವಿಚಿತ್ರವೆಂದರೆ ಆ ಸರಣಿಯಲ್ಲಿ ಸ್ಯೂಯೆಲ್ ಚೆನ್ನಾಗಿ ಆಡಲಿಲ್ಲ. ದಾಂಡು ಮಂಕಾಯಿತು, ಚೆಂಡುಗಳನ್ನು ಕೈಚೆಲ್ಲಿದ. ಕ್ಲೀವ್‌ಲ್ಯಾಂಡನ್ನು ಎತ್ತಿದವರು ಬೇರೆಯವರು. ಅಕ್ಟೋಬರ್ 10ರ ಐದನೇ ಪಂದ್ಯದಲ್ಲಿ ಎಲ್ಮರ್ ಸ್ಮಿತ್, ಮೂರೂ ಬೇಸುಗಳು ತುಂಬಿದ್ದಾಗ ಹೋಮ್ ರನ್ ಹೊಡೆದ. ವರ್ಲ್ಡ್ ಸೀರೀಸಿನಲ್ಲಿ ಅಂಥದು ಅದೇ ಮೊದಲು. ಅದೇ ಪಂದ್ಯದಲ್ಲಿ ಎರಡನೇ ಬೇಸಿನ ಬಿಲ್ ವ್ಯಾಂಬ್ಸ್‌ಗ್ಯಾನ್ಸ್ ಯಾರ ನೆರವೂ ಇಲ್ಲದೆ ಒಂದೇ ಹೊಡೆತದಲ್ಲಿ ಮೂವರನ್ನು ಔಟ್ ಮಾಡಿದ. ವರ್ಲ್ಡ್ ಸೀರೀಸಿನಲ್ಲಿ ಇಂಥ ಸಾಧನೆ ಮತ್ತೆ ಆಗಿಲ್ಲ. ವರ್ಷಗಟ್ಟಲೆ ಚಾಪ್‌ಮನ್‌ನ ಪಕ್ಕದಲ್ಲಿ ನಿಂತು ಆಡಿದವನು ಇವನು. ಆರನೇ ಪಂದ್ಯವನ್ನು ಹೊಸಬ ಮೇಲ್ಸ್ 1–0ರಿಂದ ಗೆದ್ದ, ಏಳನೆಯದನ್ನು ಕೊವೆಲೆಸ್ಕಿ. ಆಗ ಐದು ಪಂದ್ಯ ಮೊದಲು ಗೆದ್ದವರೇ ವಿಜಯಿಗಳು. ಕ್ಲೀವ್‌ಲ್ಯಾಂಡ್ 5–2ರಿಂದ ಗೆದ್ದಿತು. ಬಹುಮಾನದ ಹಣದಲ್ಲಿ ಒಂದು ಪೂರ್ತಿ ಪಾಲನ್ನು ಆಟಗಾರರು ಚಾಪ್‌ಮನ್‌ನ ವಿಧವೆಗೆ ಕೊಟ್ಟರು. ಮುಂದಿನ ಫೆಬ್ರುವರಿಯಲ್ಲಿ ಆಕೆಗೆ ಹೆಣ್ಣು ಮಗುವಾಯಿತು.

ಲೆಕ್ಕಕ್ಕೆ ಸಿಗದ್ದು

ಬೇಸ್‌ಬಾಲ್ ಪಂಡಿತರಿಗೆ ಅಂಕಿಗಳೆಂದರೆ ಪ್ರಾಣ. ಒಬ್ಬ ಆಟಗಾರನ ಬೆಲೆ ಎಷ್ಟೆಂದು ಅಳೆಯಲು ಅವರು ಈಗ ಬಳಸುವ ಮಾನದಂಡವೇ 'ಬದಲಿ ಆಟಗಾರ'. ಕಿರಿಯ ಲೀಗಿನಿಂದ ನಾಳೆಯೇ, ಅತಿ ಕಡಿಮೆ ಸಂಬಳಕ್ಕೆ ಕರೆತರಬಹುದಾದ ಒಬ್ಬ ಸಾಧಾರಣ ಆಟಗಾರನನ್ನು ಕಲ್ಪಿಸಿಕೊಳ್ಳುವುದು. ಅವನಿಗಿಂತ ಈತ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದುಕೊಡುತ್ತಾನೆಂದು ಲೆಕ್ಕ ಹಾಕುವುದು. ಇಡೀ ತಂಡವೇ ಇಂಥ ಬದಲಿಗಳಿಂದ ತುಂಬಿದ್ದರೆ 162 ಪಂದ್ಯಗಳಲ್ಲಿ ಸುಮಾರು 48 ಗೆದ್ದೀತು ಎಂಬುದು ಅವರ ಅಂದಾಜು. ಬಹಳ ಒಳ್ಳೆಯ ಆಟಗಾರನೊಬ್ಬ ಇಡೀ ಋತುವಿಗೆ ಐದಾರು ಗೆಲುವಿನಷ್ಟು ಬಾಳುತ್ತಾನೆ.

ಈ ಲೆಕ್ಕದಲ್ಲಿ ಋತುವಿನ ಕಾಲುಭಾಗಕ್ಕೆ ಒಬ್ಬ ಇಲ್ಲವಾದರೆ ತಂಡಕ್ಕಾಗುವ ನಷ್ಟ ಒಂದೋ ಎರಡೋ ಪಂದ್ಯ. ಇಷ್ಟೇನಾ ಎನ್ನಿಸಬಹುದು. ಆದರೆ 1920ರಲ್ಲಿ ಮೊದಲನೆಯ ಮತ್ತು ಎರಡನೆಯ ಸ್ಥಾನಗಳ ನಡುವೆ ಇದ್ದ ಅಂತರವೇ ಎರಡು ಪಂದ್ಯ.

ಕಥೆಯನ್ನು ಅಮೆರಿಕನ್ನರು ಸಾಮಾನ್ಯವಾಗಿ ಹೇಳುವುದು ಹೀಗೆ: ಗೆಳೆಯ ಸತ್ತ, ತಂಡ ದುಃಖ ನುಂಗಿ ಅವನಿಗಾಗಿ ಗೆದ್ದಿತು. ಈ ಹೇಳಿಕೆಯಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ನಿಜವೂ ಇಲ್ಲ. ದುಃಖ ನುಂಗಿ ಆಡಿದ ಮೊದಲ ಮೂರು ವಾರ ತಂಡ ತಡವರಿಸಿತು. ಅದನ್ನು ಉಳಿಸಿದ್ದು ಎರಡನೆಯ ಗಾಯ. ಲುಂಟಿಯ ಕಾಲು ಗಟ್ಟಿಯಾಗಿದ್ದರೆ ಸ್ಯೂಯೆಲ್ ನ್ಯೂ ಆರ್ಲಿಯನ್ಸಿನಲ್ಲೇ ಉಳಿಯುತ್ತಿದ್ದ. ಸ್ಪೀಕರ್ ಆಗ ಲುಂಟಿಯನ್ನು ಹೊರಗಿಡುತ್ತಿದ್ದನೇ? ಇಡುತ್ತಿರಲಿಲ್ಲವೆಂದೇ ನನ್ನ ಊಹೆ. ತಪ್ಪೆಸಗದ ಮನುಷ್ಯನನ್ನು, ಅದೂ ಅಂಥ ಹೊತ್ತಿನಲ್ಲಿ, ಕೂರಿಸುವುದು ಯಾವ ನಾಯಕನಿಗೂ ಸುಲಭವಲ್ಲ. ಲುಂಟಿ ಆ ವರ್ಷದ ನಂತರ ಮೇಜರ್ ಲೀಗಿನಲ್ಲಿ ಮತ್ತೆ ಆಡಲಿಲ್ಲ. ಸ್ಯೂಯೆಲ್ ಆ ಜಾಗದಿಂದ ವರ್ಷಗಟ್ಟಲೆ ಕದಲಲಿಲ್ಲ. ಸತತ 1,103 ಪಂದ್ಯ ಆಡಿದ. 1925ರ ಇಡೀ ಋತುವಿನಲ್ಲಿ 608 ಅವಕಾಶಗಳಲ್ಲಿ ನಾಲ್ಕೇ ಬಾರಿ ಚೆಂಡು ಮುಟ್ಟಲಾಗದೆ ಔಟಾದ. 1977ರಲ್ಲಿ ಆಟದ ಕೀರ್ತಿಭವನಕ್ಕೆ ಅವನ ಹೆಸರು ಸೇರಿತು.

ಮೊದಲ ಬೇಸಿನಲ್ಲಿದ್ದವನು

ಈಗ ವಾಲಿ ಪಿಪ್‌ನತ್ತ ಬರೋಣ. ಚಾಪ್‌ಮನ್‌ನ ತಲೆಗೆ ಬಡಿದ ಚೆಂಡು ಕೊನೆಗೆ ಸೇರಿದ್ದು ಇವನ ಕೈಗೆ. ಅಮೆರಿಕದಲ್ಲಿ ಇಂದಿಗೂ ಕಚೇರಿಯಲ್ಲಿ ಒಂದು ದಿನ ರಜೆ ಹಾಕಿ ಕುರ್ಚಿ ಕಳೆದುಕೊಂಡವನಿಗೆ 'ವಾಲಿ ಪಿಪ್‌ನ ಗತಿ' ಆಯಿತು ಎನ್ನುತ್ತಾರೆ. ದಂತಕಥೆ ಪ್ರಕಾರ 1925ರ ಜೂನ್ 2ರಂದು ಪಿಪ್ ತಲೆನೋವೆಂದು ವಿಶ್ರಾಂತಿ ಕೇಳಿದ, ಆ ಜಾಗಕ್ಕೆ ಲೂ ಗೆಹ್ರಿಗ್ ಎಂಬ ಹುಡುಗ ಬಂದ, ಮತ್ತೆ 14 ವರ್ಷ ಅಲ್ಲಿಂದ ಏಳಲಿಲ್ಲ.

ತಲೆನೋವಿನ ಕಥೆ ರುಚಿಯಾಗಿದೆ, ಆದರೆ ಅದು ಹುಟ್ಟಿಕೊಂಡದ್ದು ಎಷ್ಟೋ ವರ್ಷಗಳ ನಂತರ. ನಡೆದದ್ದು ಬೇರೆ. 1925ರ ಏಪ್ರಿಲಿನಲ್ಲಿ ಯಾಂಕೀಸ್ ತಂಡದ ಮಹಾ ಹೊಡೆತಗಾರ ಬೇಬ್ ರೂತ್ ಕಾಯಿಲೆ ಬಿದ್ದು, ಶಸ್ತ್ರಚಿಕಿತ್ಸೆಗೆ ಒಳಗಾಗಿ, ಸುಮಾರು ಎರಡು ತಿಂಗಳು ಹೊರಗುಳಿದ. ಹಿಂದಿನ ವರ್ಷ 89 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 69ಕ್ಕೆ ಕುಸಿದು ಎಂಟರಲ್ಲಿ ಏಳನೆಯದಾಯಿತು. ರೂತ್ ಮರಳಿದ್ದು ಜೂನ್ 1ರಂದು. ಆಗಲೇ ತಂಡ ಪಾತಾಳ ಕಂಡಿತ್ತು. ತರಬೇತುದಾರ ಮಿಲ್ಲರ್ ಹಗ್ಗಿನ್ಸ್ ಮಂಕಾಗಿದ್ದ ಹಳಬರನ್ನು ಒಮ್ಮೆಲೇ ಕೂರಿಸಿ ಹೊಸಬರನ್ನು ಇಳಿಸಿದ. ಪಿಪ್ ಅವರಲ್ಲೊಬ್ಬ, ಒಬ್ಬನೇ ಅಲ್ಲ.

ಪಿಪ್‌ಗೆ ತಲೆಗೆ ಪೆಟ್ಟು ಬಿದ್ದದ್ದೂ ನಿಜ, ಒಂದು ತಿಂಗಳ ನಂತರ. ಜುಲೈ 2ರಂದು ಅಭ್ಯಾಸದ ವೇಳೆ ಚೆಂಡೊಂದು ಅವನ ತಲೆಗೆ ಬಡಿದು ಆಸ್ಪತ್ರೆ ಸೇರಿಸಿತು. ಐದು ವರ್ಷ ಹಿಂದೆ ಪೋಲೊ ಗ್ರೌಂಡ್ಸಿನಲ್ಲಿ ಏನಾಯಿತೆಂದು ಕಣ್ಣಾರೆ ಕಂಡವನು ಅವನು. ಆಸ್ಪತ್ರೆಯ ಹಾಸಿಗೆಯಲ್ಲಿ ಏನು ಯೋಚಿಸಿರಬಹುದು? ಬದುಕಿ ಬಂದ. ಮುಂದಿನ ಋತುವಿಗೆ ಅವನನ್ನು ಸಿನ್ಸಿನಾಟಿ ತಂಡಕ್ಕೆ ಮಾರಿದರು. ಎರಡು ಸಂಗತಿಗಳನ್ನು ಬೆರೆಸಿ ಜನ ಒಂದು ತಲೆನೋವು ಮಾಡಿಕೊಂಡರೆಂದು ಕಾಣುತ್ತದೆ.

ಗೆಹ್ರಿಗ್ ಸತತ 2,130 ಪಂದ್ಯ ಆಡಿದ. ಜಾಗ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. 1934ರ ಜುಲೈ 14ರಂದು ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾಗದಿದ್ದಾಗ, ಪಟ್ಟಿಯಲ್ಲಿ ಶಾರ್ಟ್‌ಸ್ಟಾಪ್ ಎಂದು ಅವನ ಹೆಸರು ಬರೆದು ಮೊದಲ ದಾಂಡಿಗನಾಗಿ ಇಳಿಸಿದರು. ಒಂದು ಹೊಡೆತ ಹೊಡೆದು, ಮೊದಲ ಬೇಸಿಗೆ ಓಡಿ, ಆಚೆಗೆ ನಡೆದ. ದಾಖಲೆ ಉಳಿಯಿತು. ಇದನ್ನು ಶೌರ್ಯವೆನ್ನಬೇಕೋ ಹಟವೆನ್ನಬೇಕೋ ಓದುಗರೇ ನಿರ್ಧರಿಸಲಿ. ಅವನ ಈ ಲೆಕ್ಕವನ್ನು ಮುರಿಯಲು 1995ರಲ್ಲಿ ಕಾಲ್ ರಿಪ್ಕನ್ ಬರಬೇಕಾಯಿತು.

ಗೆಹ್ರಿಗ್‌ನನ್ನು ಕೊನೆಗೆ ಕೂರಿಸಿದ್ದು ಇನ್ನೊಬ್ಬ ಆಟಗಾರನೂ ಅಲ್ಲ, ಚೆಂಡಿನ ಪೆಟ್ಟೂ ಅಲ್ಲ. ನರಗಳನ್ನು ಮೆಲ್ಲಗೆ ತಿನ್ನುವ, ಈಗ ಅಮೆರಿಕನ್ನರು ಅವನ ಹೆಸರಿನಿಂದಲೇ ಕರೆಯುವ ಕಾಯಿಲೆ. 1939ರ ಮೇ 2ರಂದು ಡೆಟ್ರಾಯಿಟಿನಲ್ಲಿ ತನ್ನನ್ನು ಕೈಬಿಡಿ ಎಂದು ತಾನೇ ಹೇಳಿದ. ಬದಲಿಗೆ ಬಂದ ಬೇಬ್ ಡಾಲ್‌ಗ್ರೆನ್ ಒಂದು ಹೋಮ್ ರನ್ ಹೊಡೆದ. ಯಾಂಕೀಸ್ 22–2ರಿಂದ ಗೆದ್ದಿತು, ಆ ವರ್ಷ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಅತಿ ದೊಡ್ಡ ಆಟಗಾರ ಹೋದ ಋತುವಿನಲ್ಲೂ ತಂಡ ಗೆಲ್ಲುತ್ತದೆ ಎಂಬುದು ಅಭಿಮಾನಿಗಳಿಗೆ ನುಂಗಲು ಕಷ್ಟದ ಸತ್ಯ. ಗೆಹ್ರಿಗ್ ತೀರಿಕೊಂಡದ್ದು 1941ರ ಜೂನ್ 2ರಂದು, ಪಿಪ್‌ನ ಜಾಗಕ್ಕೆ ಬಂದು ಸರಿಯಾಗಿ 16 ವರ್ಷಕ್ಕೆ.

ಟೋಪಿಯಿಂದ ಹೆಲ್ಮೆಟ್ಟಿಗೆ

ಚಾಪ್‌ಮನ್ ಸತ್ತ ಮೇಲೆ ಮೇಸ್‌ನನ್ನು ಆಟದಿಂದಲೇ ಓಡಿಸಬೇಕೆಂದು ಕೆಲವು ತಂಡಗಳು ಕೂಗಿದವು. ಅಧಿಕಾರಿಗಳು ಅದನ್ನು ಆಕಸ್ಮಿಕವೆಂದೇ ತೀರ್ಮಾನಿಸಿದರು. ಮೇಸ್ ಆ ವರ್ಷ 26 ಪಂದ್ಯ ಗೆದ್ದ, ಒಟ್ಟು 207. ಕೀರ್ತಿಭವನದಲ್ಲಿ ಮಾತ್ರ ಅವನಿಗೆ ಜಾಗ ಸಿಗಲಿಲ್ಲ. ಇಂಥದೊಂದು ನೆರಳು ನಮ್ಮ ಕ್ರಿಕೆಟಿನಲ್ಲೂ ಇದೆ. 1962ರಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಎಸೆತ ತಲೆಗೆ ತಾಗಿ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಸಾವಿನ ಬಾಗಿಲು ತಟ್ಟಿ ಬಂದರು. ಮುಂದಿನ ಟೆಸ್ಟಿಗೆ ನಾಯಕನಾಗಿ ಇಳಿದವನು 21 ವರ್ಷದ ಪಟೌಡಿ. ಕಂಟ್ರಾಕ್ಟರ್ ಮತ್ತೆ ಟೆಸ್ಟ್ ಆಡಲಿಲ್ಲ.

ಕೊಳೆಯಾದ ಚೆಂಡನ್ನು ಕೂಡಲೇ ಬದಲಿಸಬೇಕೆಂಬ ಕಟ್ಟುನಿಟ್ಟು ಚಾಪ್‌ಮನ್‌ನ ಸಾವಿನ ನಂತರ ಬಂತು. ಚೆಂಡು ಬೆಳ್ಳಗಾಗಿ ಕಾಣತೊಡಗಿದ್ದು ದಾಂಡಿಗರಿಗೆ ವರವಾಯಿತು. ಆದರೆ ಹೆಲ್ಮೆಟ್ ಕಡ್ಡಾಯವಾಗಲು ಹಿಡಿದದ್ದು 51 ವರ್ಷ! 1971ರವರೆಗೆ ಮೇಜರ್ ಲೀಗಿನಲ್ಲಿ ಹೆಲ್ಮೆಟ್ ಕಡ್ಡಾಯವಿರಲಿಲ್ಲ. ಹೆದರುಪುಕ್ಕಲರ ಉಡುಪು ಎಂಬ ಗೇಲಿ ಬಹಳ ಕಾಲ ಉಳಿದಿತ್ತು.

ಗಾಯಾಳುಗಳ ಪಾಡು ಈಗ ಬೇರೆ. ಪ್ರತಿ ತಂಡಕ್ಕೂ ಗಾಯಾಳುಗಳ ಅಧಿಕೃತ ಪಟ್ಟಿಯಿದೆ. 2019ರವರೆಗೆ ಅದಕ್ಕೆ 'ಅಶಕ್ತರ ಪಟ್ಟಿ' ಎಂಬ ಅರ್ಥದ ಹೆಸರಿತ್ತು. ಅಂಗವಿಕಲರ ಪರ ಸಂಘಟನೆಗಳ ಆಕ್ಷೇಪದ ನಂತರ ಬದಲಾಯಿತು. ಪಟ್ಟಿ ಸೇರಿದ ಆಟಗಾರನಿಗೆ ಸಂಬಳ ನಿಲ್ಲುವುದಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆಂದೇ ಏಳು ದಿನಗಳ ಪ್ರತ್ಯೇಕ ಪಟ್ಟಿ 2011ರಿಂದ ಇದೆ. ಆಡುವ ಬಳಗದಲ್ಲಿ 26 ಮಂದಿ, ಅದರ ಹಿಂದೆ ಕರಾರಿನಲ್ಲಿರುವ 40 ಮಂದಿ, ಅವರ ಹಿಂದೆ ಕಿರಿಯ ಲೀಗುಗಳ ಸಾಲು ಸಾಲು ಹುಡುಗರು. ಬೆಳಿಗ್ಗೆ ಒಬ್ಬನ ಮೊಣಕೈ ನೋವೆಂದರೆ ಸಂಜೆಗೆ ಇನ್ನೊಬ್ಬ ವಿಮಾನ ಇಳಿದಿರುತ್ತಾನೆ.

ಕ್ಲೀವ್‌ಲ್ಯಾಂಡಿನ ತಂಡಕ್ಕೂ ಈಗ ಹಳೆಯ ಹೆಸರಿಲ್ಲ. ಅಮೆರಿಕದ ಮೂಲನಿವಾಸಿಗಳಿಗೆ ಅವಮಾನವೆಂಬ ಕಾರಣಕ್ಕೆ 'ಇಂಡಿಯನ್ಸ್' ಕೈಬಿಟ್ಟು 2022ರಿಂದ 'ಗಾರ್ಡಿಯನ್ಸ್' ಆಗಿದೆ. ಚಾಪ್‌ಮನ್‌ನ ನೆನಪಿಗೆ ಅಭಿಮಾನಿಗಳು ಹಣ ಕೂಡಿಸಿ ಮಾಡಿಸಿದ ಕಂಚಿನ ಫಲಕವೊಂದು ಹಳೆಯ ಮೈದಾನದಲ್ಲಿತ್ತು. ತಂಡ ಮೈದಾನ ಬದಲಿಸುವ ಗಲಾಟೆಯಲ್ಲಿ ಅದು ಎಲ್ಲೋ ಕಳೆದುಹೋಗಿ, 2007ರಲ್ಲಿ ಗೋದಾಮೊಂದರ ಮೂಲೆಯಲ್ಲಿ ಕಪ್ಪು ಹಿಡಿದು ಬಿದ್ದಿದ್ದದ್ದು ಸಿಕ್ಕಿತು. ತೊಳೆದು ಈಗಿನ ಮೈದಾನದಲ್ಲಿ ನಿಲ್ಲಿಸಿದ್ದಾರೆ. ಕ್ಲೀವ್‌ಲ್ಯಾಂಡಿನ ಲೇಕ್ ವ್ಯೂ ಸ್ಮಶಾನದಲ್ಲಿರುವ ಅವನ ಸಮಾಧಿಗೆ ಇಂದಿಗೂ ಜನ ಬರುತ್ತಾರೆ. ಹೂವಿನ ಬದಲು ಬಿಳಿಯ ಚೆಂಡುಗಳನ್ನು ಕಲ್ಲಿನ ಬುಡದಲ್ಲಿ ಇಟ್ಟು ಹೋಗುತ್ತಾರೆ.